ಮೋಟಾರಿನ ಪ್ಲಾಸ್ಟಿಕ್ ಭಾಗಗಳು: ದುರಸ್ತಿ ಮತ್ತು ಬಣ್ಣ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಟ್ಯಾಕ್ಸಿ ನಡೆಸುವವರಿದ್ದಾರೆ. ಧಣಿಗಳ ಕಾರಿಗೆ ಚಾಲಕರಾಗಿರುವವರಿದ್ದಾರೆ. ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡ ಗುಮಾಸ್ತರೂ ಇದ್ದಾರೆ. ಅವರ ಉಪಯೋಗಕ್ಕಾಗಿ ಈ ಪಾಠವನ್ನು ಬರೆದಿದ್ದೇವೆ.

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾದುವು. ಆ ಕಾರುಗಳ ಬಂಪರ್ ಉಕ್ಕಿನದು. ತಗ್ಗು ಬಿದ್ದರೆ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುತ್ತಿದ್ದರು. ಇಂದಿನ ಕಾರುಗಳಲ್ಲಿ ಬಂಪರಿನ ಹೊದಿಕೆ, ಪಕ್ಕದ ಕನ್ನಡಿಯ ಕವಚ, ಬಾಗಿಲಿನ ಪಟ್ಟಿ, ವೈಪರಿನ ಬುಡದ ಜಾಲರಿ, ಎಲ್ಲವೂ ಪ್ಲಾಸ್ಟಿಕ್. ಇದಕ್ಕೆ ಸುತ್ತಿಗೆ ಕೆಲಸಕ್ಕೆ ಬಾರದು. ಹೊಸ ಭಾಗ ಹಾಕಿಸಿದರೆ ಸಾಮಾನಿನ ಬೆಲೆ, ಬಣ್ಣದ ಕೂಲಿ ಎರಡೂ ತಲೆಯ ಮೇಲೆ ಬೀಳುತ್ತವೆ. ಗಾಡಿ ನಿಂತ ದಿನಗಳ ಸಂಪಾದನೆಯೂ ಹೋಗುತ್ತದೆ.

ಸಣ್ಣ ಬಿರುಕನ್ನೂ ಮಾಸಿದ ಬಣ್ಣವನ್ನೂ ನಾವೇ ಸರಿಪಡಿಸಿಕೊಳ್ಳಬಹುದು. ಆದರೆ ಮನೆಯಲ್ಲಿ ಹಚ್ಚಿದ ಬಣ್ಣ ಎರಡು ತಿಂಗಳಲ್ಲಿ ಈರುಳ್ಳಿ ಸಿಪ್ಪೆಯಂತೆ ಸುಲಿದು ಬರುವುದನ್ನು ಅನೇಕರು ಕಂಡಿದ್ದಾರೆ. ಬಣ್ಣದ ಡಬ್ಬಿಯನ್ನು ದೂರುವ ಮೊದಲು, ಬಣ್ಣ ಬಿದ್ದ ಮೈ ಎಂಥದು ಎಂದು ಕೇಳಬೇಕು. ಗಿರಣಿಯಲ್ಲಿ ಮಗ್ಗದಿಂದ ಇಳಿದ ಬಟ್ಟೆಯ ಗಂಜಿ ತೆಗೆದು, ಜಿಡ್ಡು ತೊಳೆದ ಮೇಲೆಯೇ ಬಣ್ಣದ ಖಾತೆಗೆ ಕಳುಹಿಸುತ್ತಾರೆ. ಇಲ್ಲಿಯೂ ಅದೇ ನ್ಯಾಯ.

1. ಜಾತಿ ಗುರುತಿಸುವುದು

ಭಾಗವನ್ನು ಬಿಚ್ಚಿ ಒಳಮೈಯನ್ನು ನೋಡಿರಿ. ಎರಡು ಬಾಣದ ಗುರುತುಗಳ ನಡುವೆ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಪಿ.ಪಿ. ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಪಿ.ಪಿ. ಜೊತೆಗೆ ಇ.ಪಿ.ಡಿ.ಎಂ. ಎಂದಿದ್ದರೆ ಅದಕ್ಕೆ ರಬ್ಬರಿನ ಅಂಶ ಬೆರೆಸಿದೆ ಎಂದರ್ಥ. ಕೊನೆಯಲ್ಲಿ ಟಿ.ಡಿ. 20 ಎಂದಿದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಇದೆ. ಬಂಪರುಗಳು ಬಹುಮಟ್ಟಿಗೆ ಈ ಜಾತಿಯವು. ಎ.ಬಿ.ಎಸ್. ಎಂಬುದು ಇನ್ನೊಂದು ಜಾತಿ. ಕನ್ನಡಿಯ ಕವಚ, ಮುಂಭಾಗದ ಜಾಲರಿ ಮುಂತಾದುವು ಅನೇಕ ವೇಳೆ ಇದರಿಂದಾಗಿರುತ್ತವೆ.

ಇಟಲಿಯ ಜೂಲಿಯೊ ನಟ್ಟಾ ಅವರು 1954ರಲ್ಲಿ ಗಟ್ಟಿ ಪಾಲಿಪ್ರೊಪಿಲೀನನ್ನು ಸಿದ್ಧಪಡಿಸಿದರು. 1963ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಅವರೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರೂ ಹಂಚಿಕೊಂಡರು. ಅಗ್ಗ, ಹಗುರ, ಬಾಗಿದರೂ ಮುರಿಯದು. ಆದರೆ ಅದರ ಮೈ ಮೇಣದಂತಹುದು. ಯಾವುದನ್ನೂ ಹಿಡಿದುಕೊಳ್ಳದು. ಮನೆಯ ಪ್ಲಾಸ್ಟಿಕ್ ಕುರ್ಚಿಗೆ ಎಣ್ಣೆಬಣ್ಣ ಬಳಿದು, ಒಣಗಿದ ಮೇಲೆ ಉಗುರಿನಿಂದ ಕೆರೆದು ನೋಡಿದವರಿಗೆ ಇದು ಗೊತ್ತು. ಎ.ಬಿ.ಎಸ್. ಹಾಗಲ್ಲ, ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ.

ಅಕ್ಷರ ಕಾಣದಿದ್ದರೆ ಒಳಬದಿಯಿಂದ ಚಿಕ್ಕ ಚೂರೊಂದನ್ನು ಕೆತ್ತಿ, ಸೋಪು ನೀರಿನಲ್ಲಿ ಮುಳುಗಿಸಿ ಬಿಡಿ. ತೇಲಿ ಬಂದರೆ ಪಾಲಿಪ್ರೊಪಿಲೀನ್ ಎಂದು ತಿಳಿಯಬಹುದು. ಮುಳುಗಿದರೆ ಎ.ಬಿ.ಎಸ್. ಎಂದು ತೀರ್ಮಾನಿಸಲಾಗದು, ಟಾಲ್ಕ್ ಬೆರೆತ ಪಾಲಿಪ್ರೊಪಿಲೀನೂ ಮುಳುಗುತ್ತದೆ. ಆಗ ಒಳಮೈಗೆ ಒಂದು ಹನಿ ಅಸಿಟೋನ್ ಹಾಕಿ ನೋಡಿರಿ. ಎ.ಬಿ.ಎಸ್. ಆದರೆ ಮೆತ್ತಗಾಗಿ ಅಂಟು ಬರುತ್ತದೆ. ಪಾಲಿಪ್ರೊಪಿಲೀನಿಗೆ ಏನೂ ಆಗುವುದಿಲ್ಲ.

2. ತೊಳೆಯುವುದು

ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿರಿ. ಹೊಳಪಿಗಾಗಿ ಹಚ್ಚುವ ಪಾಲಿಶುಗಳಲ್ಲಿ ಸಿಲಿಕೋನ್ ಎಂಬ ಎಣ್ಣೆ ಇರುತ್ತದೆ. ಅದು ಕಣ್ಣಿಗೆ ಕಾಣದು. ಆದರೆ ಅದರ ಮೇಲೆ ಬಿದ್ದ ಬಣ್ಣ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಉಪ್ಪುಕಾಗದ ಹಿಡಿಯುವ ಮೊದಲೇ ತೊಳೆಯಬೇಕು. ಇಲ್ಲವಾದರೆ ಜಿಡ್ಡನ್ನು ಗೀರುಗಳೊಳಗೆ ತಿಕ್ಕಿದಂತಾಗುತ್ತದೆ.

3. ಬಿರುಕು ಕೂಡಿಸುವುದು

ಬಿರುಕಿನ ತುದಿಯಲ್ಲಿ 3 ಮಿಲಿಮೀಟರಿನ ರಂಧ್ರ ಕೊರೆಯಿರಿ. ಬಿರುಕು ಮುಂದೆ ಓಡುವುದು ನಿಲ್ಲುತ್ತದೆ.

ಎ.ಬಿ.ಎಸ್. ಆದರೆ ಅದೇ ಜಾತಿಯ ಚೂರುಗಳನ್ನು ಗಾಜಿನ ಸೀಸೆಯಲ್ಲಿ ಅಸಿಟೋನಿನೊಂದಿಗೆ ಕರಗಿಸಿ, ಗಟ್ಟಿ ಅಂಬಲಿಯ ಹದಕ್ಕೆ ತಂದು, ಬಿರುಕಿನ ಹಿಂಬದಿಯಿಂದ ತುಂಬಿರಿ. ಒಂದು ಹಗಲು ಒಂದು ರಾತ್ರಿ ಒಣಗಲಿ.

ಪಾಲಿಪ್ರೊಪಿಲೀನಿಗೆ ಸಾಮಾನ್ಯ ಅಂಟು ಹಿಡಿಯದು, ಕರಗಿಸಿಯೇ ಬೆಸೆಯಬೇಕು. ರೇಡಿಯೋ ದುರಸ್ತಿಗೆ ಬಳಸುವ ಬೆಸುಗೆ ಕಡ್ಡಿ ಸಾಕು. ಹಿಂಬದಿಯಿಂದ ಬಿರುಕಿನ ಎರಡು ಅಂಚುಗಳನ್ನೂ ಕರಗಿಸಿ ಸೇರಿಸಿ, ಸ್ಟೇನ್‌ಲೆಸ್ ಉಕ್ಕಿನ ತೆಳು ಜಾಲರಿಯನ್ನು ಅದರಲ್ಲಿ ಒತ್ತಿ, ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಕರಗಿಸಿ ಮುಚ್ಚಿರಿ. ಈ ಪ್ಲಾಸ್ಟಿಕ್ ಸುಮಾರು 160 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಹೊಗೆ ಏಳುತ್ತಿದ್ದರೆ ಕಾವು ಹೆಚ್ಚಾಯಿತೆಂದು ತಿಳಿಯಿರಿ. ಪಿ.ವಿ.ಸಿ. ಎಂದು ಬರೆದಿರುವ ಭಾಗವನ್ನು ಎಂದೂ ಸುಡಬಾರದು. ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ.

4. ಉಜ್ಜುವುದು

ಬೆಸೆದ ಜಾಗವನ್ನು 180ನೆಯ ನಂಬರಿನ ಉಪ್ಪುಕಾಗದದಿಂದ ಸಮ ಮಾಡಿ, 320, ಬಳಿಕ 600ಕ್ಕೆ ಬನ್ನಿರಿ. ಪಾಲಿಪ್ರೊಪಿಲೀನನ್ನು ಒರಟು ಕಾಗದದಿಂದ ಬಹಳ ಹೊತ್ತು ಉಜ್ಜಿದರೆ ಸಣ್ಣ ಸಣ್ಣ ಕೂದಲುಗಳಂತೆ ಏಳುತ್ತದೆ, ಕೈ ಹಗುರವಾಗಿರಲಿ. ಚರ್ಮದಂತೆ ಒರಟು ಅಚ್ಚು ಇರುವ ಕಪ್ಪು ಭಾಗಗಳಿಗೆ ಕಾಗದ ಬೇಡ. ಪಾತ್ರೆ ತಿಕ್ಕುವ ನಾರಿನ ತುಂಡು ಸಾಕು. ಉಜ್ಜಿದ ಮೇಲೆ ಮತ್ತೆ ಆಲ್ಕೊಹಾಲಿನಿಂದ ಒರೆಸಿರಿ. ಆ ಬಳಿಕ ಬರಿಗೈಯಿಂದ ಮುಟ್ಟಬೇಡಿರಿ.

5. ಪ್ರೈಮರ್ ಮತ್ತು ಬಣ್ಣ

ಪಾಲಿಪ್ರೊಪಿಲೀನಿಗೆ ‘ಅಡ್ಹೀಷನ್ ಪ್ರೊಮೋಟರ್’ ಎಂಬ ಪ್ಲಾಸ್ಟಿಕ್ ಪ್ರೈಮರನ್ನು ತಪ್ಪದೆ ಹಾಕಬೇಕು. ಇದು ಒಂದು ಕಡೆ ಪ್ಲಾಸ್ಟಿಕ್ಕನ್ನೂ ಇನ್ನೊಂದು ಕಡೆ ಬಣ್ಣವನ್ನೂ ಹಿಡಿಯುವ ಮಧ್ಯಸ್ಥ. ತೆಳುವಾಗಿ ಹಾಕಿ, ಡಬ್ಬಿಯ ಮೇಲೆ ಬರೆದಿರುವ ಅವಧಿಯೊಳಗೆ ಬಣ್ಣ ಹಚ್ಚಿರಿ; ನಾಳೆಗೆಂದು ಬಿಟ್ಟರೆ ಅದರ ಗುಣ ಹೋಗುತ್ತದೆ. ಎ.ಬಿ.ಎಸ್.ಗೆ ಸಾಮಾನ್ಯ ಪ್ರೈಮರ್ ಸಾಕು.

ಡಬ್ಬಿಯನ್ನು ಎರಡು ಮೂರು ನಿಮಿಷ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ ಸಿಂಪಡಿಸಿರಿ. ಕೈಯ ಓಟ ಭಾಗದ ಹೊರಗೆ ಆರಂಭವಾಗಿ ಹೊರಗೇ ಮುಗಿಯಲಿ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪ ಮೇಲು. ನಡುವೆ 10–15 ನಿಮಿಷ ಬಿಡುವಿರಲಿ. ಮಳೆಗಾಲದ ತೇವದ ಗಾಳಿಯಲ್ಲಿ ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಮುಂಬಯಿಯಲ್ಲಿರುವವರು ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲು ಬಿದ್ದ ದಿನಕ್ಕೆ ಕಾಯುವುದು ಒಳಿತು.

ಎಲ್ಲಕ್ಕೂ ಮೊದಲು ಒಳಮೈಯ ಒಂದು ಅಂಗೈಯಗಲದಲ್ಲಿ ಇದೇ ಕ್ರಮವನ್ನು ಮಾಡಿ ನೋಡಿರಿ. ಒಂದು ದಿನ ಕಳೆದ ಮೇಲೆ ಬ್ಲೇಡಿನಿಂದ ಅಡ್ಡ ಉದ್ದ ಗೀರಿ, ಅಂಟುಪಟ್ಟಿ ಒತ್ತಿ, ಥಟ್ಟನೆ ಕೀಳಿರಿ. ಬಣ್ಣ ಪಟ್ಟಿಯೊಡನೆ ಬಂದರೆ ಪ್ರೈಮರೋ ತೊಳೆತವೋ ಸಾಲದು. ಹೊರಮೈ ಕೆಡುವ ಮೊದಲೇ ಇದು ತಿಳಿಯುತ್ತದೆ.

ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿದ ಕಪ್ಪು ಪಟ್ಟಿಗಳಿಗೆ ಕೊಬ್ಬರಿ ಎಣ್ಣೆ ಬಳಿಯುವ ರೂಢಿಯುಂಟು. ಎರಡು ದಿನ ಹೊಳೆದು ಧೂಳು ಹಿಡಿಯುತ್ತದೆ. ಮುಂದೆ ಬಣ್ಣ ಹಚ್ಚುವುದಕ್ಕೂ ಅಡ್ಡಿ. ಇದನ್ನು ಬಿಡುವುದೇ ಮೇಲು.

6. ಮನೆಯವರ ಕ್ಷೇಮ

ನಮ್ಮಲ್ಲಿ ಹಲವರಿಗೆ ಅಡಿಗೆ, ಊಟ, ನಿದ್ರೆ ಎಲ್ಲವೂ ಒಂದೇ ಕೋಣೆಯಲ್ಲಿ. ಆ ಕೋಣೆಯಲ್ಲಿ ಈ ಕೆಲಸ ಕೂಡದು. ಅಸಿಟೋನ್ ಆವಿ ನೆಲದಲ್ಲಿ ಹರಿದು ದೂರದ ಒಲೆಯಿಂದಲೂ ಹೊತ್ತಿಕೊಳ್ಳಬಲ್ಲದು. ಸ್ಪ್ರೇ ಡಬ್ಬಿಗಳಲ್ಲಿ ಬಣ್ಣವನ್ನು ತಳ್ಳುವ ಅನಿಲ ಬಹುಮಟ್ಟಿಗೆ ಅಡಿಗೆಯ ಗ್ಯಾಸಿನ ಬಂಧುವೇ. ಗಚ್ಚಿಯ ಮೇಲೆ ಅಥವಾ ಬಯಲಿನಲ್ಲಿ, ಮಕ್ಕಳನ್ನು ದೂರವಿಟ್ಟು ಮಾಡಿರಿ. ಬೀಡಿ, ಊದುಬತ್ತಿ ಹತ್ತಿರವಿರಬಾರದು.

ಗಟ್ಟಿಕಾರಕ ಬೆರೆಸುವ ‘ಟು-ಕೆ’ ಎಂಬ ಪಾರದರ್ಶಕ ಲೇಪಗಳು ಗಾಜಿನಂತೆ ಹೊಳೆಯುತ್ತವೆ. ಅವುಗಳಲ್ಲಿ ಐಸೊಸಯನೇಟ್ ಎಂಬ ವಸ್ತು ಇರುತ್ತದೆ. ಅದು ಉಬ್ಬಸ ತರಬಲ್ಲದು, ಮತ್ತು ಒಮ್ಮೆ ಬಂದರೆ ಜೀವಮಾನವೆಲ್ಲ ಉಳಿಯಬಹುದು. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಧೂಳಿನ ಮುಖವಾಡವಾಗಲಿ ಅದನ್ನು ತಡೆಯದು. ಇದನ್ನು ಸಲಕರಣೆಯುಳ್ಳ ಕಾರ್ಖಾನೆಗೇ ಬಿಡಿರಿ. ಮನೆಯ ಕೆಲಸಕ್ಕೆ ಒಂದೇ ಡಬ್ಬಿಯ ಅಕ್ರಿಲಿಕ್ ಲೇಪ ಸಾಕು.

7. ಮುಟ್ಟಬಾರದ ಭಾಗಗಳು

ಏರ್‌ಬ್ಯಾಗ್ ಎಂದು ಬರೆದಿರುವ ಯಾವ ಮುಚ್ಚಳಕ್ಕೂ ಅಂಟು, ಬೆಸುಗೆ, ಬಣ್ಣ ಬೇಡ. ಅಪಘಾತದ ಕ್ಷಣದಲ್ಲಿ ಅದು ಗೊತ್ತಾದ ಜಾಗದಲ್ಲಿಯೇ ಹರಿದು ತೆರೆಯಬೇಕು. ಬಂಪರಿನಲ್ಲಿರುವ ಪಾರ್ಕಿಂಗ್ ಸಂವೇದಕಗಳನ್ನು ಬಣ್ಣದಿಂದ ಮುಚ್ಚಬೇಡಿರಿ. ಬಂಪರನ್ನು ಹಿಡಿದಿರುವ ಕೊಂಡಿಗಳು ಮುರಿದಿದ್ದರೆ, ಅಥವಾ ಹಿಂದಿನ ಉಕ್ಕಿನ ತೊಲೆ ಬಾಗಿದ್ದರೆ, ಹೊರಗಿನ ಬಣ್ಣ ಆ ದೋಷವನ್ನು ಮುಚ್ಚುತ್ತದೆಯೇ ಹೊರತು ನೀಗುವುದಿಲ್ಲ, ಮೆಕ್ಯಾನಿಕ್ಕಿಗೆ ತೋರಿಸಿರಿ. ವಾಹನದ ಬಣ್ಣ ನೋಂದಣಿ ಪತ್ರದಲ್ಲಿ ನಮೂದಾಗಿರುವುದರಿಂದ ಇದ್ದ ಬಣ್ಣವನ್ನೇ ಹಚ್ಚಿರಿ. ಗಾಡಿ ಬೇರೆಯವರದಾದರೆ ಧಣಿಯ ಒಪ್ಪಿಗೆ ಮೊದಲು, ಕೆಲಸ ಅನಂತರ.

ಈ ಕೆಲಸದಲ್ಲಿ ಬಣ್ಣ ಸಿಂಪಡಿಸುವುದು ಅರ್ಧ ಗಂಟೆಯ ಮಾತು; ಗುರುತಿಸುವುದು, ತೊಳೆಯುವುದು, ಒಣಗಿಸುವುದಕ್ಕೆ ಎರಡು ರಜಾದಿನಗಳು ಬೇಕು. ಆ ಎರಡು ದಿನಗಳನ್ನು ಕೊಡಲು ಸಾಧ್ಯವಿಲ್ಲದವರು ಕೈಹಾಕದಿರುವುದೇ ಲಾಭ. ಕೊಡಬಲ್ಲವರು ಈ ಪುಟವನ್ನು ಬರೆದುಕೊಂಡು ಹೋಗಿ, ಮೊದಲು ಒಂದು ಚಕ್ರದ ಮುಚ್ಚಳದ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಬಂಪರಿಗೆ ಬರಬಹುದು.