ಕಂಡದ್ದನ್ನು ಬರೆದಿಡಿ, ಮಕ್ಕಳೇ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಕೆಲಸಕ್ಕೆ ಸೇರಿ ಒಂದೆರಡು ವರ್ಷವಾಗಿರುವ ನಿಮ್ಮಂಥ ಹುಡುಗ ಹುಡುಗಿಯರು ಈಚೆಗೆ ಭಾನುವಾರದ ಹಕ್ಕಿ ವೀಕ್ಷಣೆಗೆ, ಚಿಟ್ಟೆ ನಡಿಗೆಗೆ, ಮರಗಳ ಪರಿಚಯದ ಉಪನ್ಯಾಸಕ್ಕೆ ಬರುತ್ತಿದ್ದೀರಿ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ಆಯಸ್ಸಿನ ಬಹುಪಾಲು ಕಳೆದ ನನಗೆ ಇದಕ್ಕಿಂತ ಸಂತೋಷದ ಸಂಗತಿ ಇಲ್ಲ. ಆದರೆ ಹೆಚ್ಚಿನವರು ನಾಲ್ಕಾರು ಸಲ ಬಂದು ನಿಂತುಬಿಡುತ್ತೀರಿ. ಫೋಟೋ ಸಿಕ್ಕಿತು, ಹಕ್ಕಿಯ ಹೆಸರು ಗೊತ್ತಾಯಿತು, ಅಲ್ಲಿಗೆ ಮುಗಿಯಿತು. ಅಷ್ಟಕ್ಕೇ ಬಿಡಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಹುಟ್ಟಿದ್ದು 1972ರಲ್ಲಿ, ಡಾ. ಜೋಸೆಫ್ ಜಾರ್ಜ್ ಅವರ ಮುಂದಾಳತ್ವದಲ್ಲಿ. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಗಾಜಿನ ಮನೆ ಹತ್ತಿರ ಸೇರುವುದು ಅದರ ಹಳೆಯ ರೂಢಿ. ಆಗ ಎಲೆಕ್ಟ್ರಾನಿಕ್ ಸಿಟಿ ಇರಲೇ ಇಲ್ಲ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಅದನ್ನು ಶುರು ಮಾಡಿದ್ದು 1978ರಲ್ಲಿ. ನಿಮ್ಮ ಆಫೀಸುಗಳಿಗಿಂತ ಈ ನಡಿಗೆಗೆ ವಯಸ್ಸು ಹೆಚ್ಚು. ಬರುತ್ತಿದ್ದವರಲ್ಲಿ ಬಹಳ ಮಂದಿಗೆ ಅದು ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ. ಆದರೂ ಅವರು ಕಂಡದ್ದನ್ನು ಬರೆದರು. 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಪಟ್ಟಿಯನ್ನು ಟಿಪ್ಪಣಿಗಳ ಸಮೇತ ಕ್ಲಬ್ಬೇ ಹೊರತಂದಿತು. ಹವ್ಯಾಸಿಗಳು ಕೆರೆಯಿಂದ ಕೆರೆಗೆ ಅಲೆದು ನೀರುಹಕ್ಕಿಗಳನ್ನು ಎಣಿಸಿದ್ದರಲ್ಲ, ಅದನ್ನೆಲ್ಲ ಕೂಡಿಸಿ ಎಂ.ಬಿ. ಕೃಷ್ಣ, ಬಿ.ಕೆ. ಚಕ್ರಪಾಣಿ, ಟಿ.ಎಸ್. ಶ್ರೀನಿವಾಸ 1996ರಲ್ಲಿ ನಮ್ಮ ಕೆರೆಗಳ ಬಗ್ಗೆ ಒಂದು ವರದಿ ಬರೆದರು.

ಹೀಗೆ ಬರೆದಿಟ್ಟದ್ದರ ಬೆಲೆ ಏನೆಂದು ವೈಟ್‌ಫೀಲ್ಡ್ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದನ್ನು ದೇಶವೆಲ್ಲ ನೋಡಿತು. ಕೆರೆ ಕೆಟ್ಟಿತು ಎಂದು ಯಾರು ಬೇಕಾದರೂ ಹೇಳಬಲ್ಲರು. ಏನು ಕಳೆದುಹೋಯಿತು ಎಂದು ಹೇಳಬೇಕಾದರೆ, ಮೊದಲು ಏನಿತ್ತು ಎಂದು ಬರೆದಿಟ್ಟವರು ಬೇಕು. ಗುಬ್ಬಚ್ಚಿಯನ್ನೇ ನೋಡಿ. ಅಂಗಡಿ, ಮನೆ, ಬಸ್ ನಿಲ್ದಾಣ ಎಲ್ಲೆಲ್ಲೂ ಇದ್ದ ಕಾಲದಲ್ಲಿ ಅದನ್ನು ಎಣಿಸಬೇಕೆಂದು ಬಹಳ ಜನಕ್ಕೆ ಅನಿಸಲಿಲ್ಲ. ಈಗ ಕಡಿಮೆಯಾಗಿದೆ ಅನ್ನುತ್ತೇವೆ. ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿದರೆ ಉತ್ತರಕ್ಕೆ ತಡಕಾಡುತ್ತೇವೆ.

2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಸುಮಾರು 30,000 ಪಕ್ಷಿವೀಕ್ಷಕರು ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದ ಪಟ್ಟಿಗಳಿಂದ 942 ಬಗೆಯ ಹಕ್ಕಿಗಳ ಏಳುಬೀಳನ್ನು ಅದರಲ್ಲಿ ಲೆಕ್ಕ ಹಾಕಿದ್ದಾರೆ. ನವಿಲು, ಕೋಗಿಲೆ ಚೆನ್ನಾಗಿವೆ. ತಂತಿಯ ಮೇಲೆ ಕೂತು ರೆಕ್ಕೆ ಬಿಚ್ಚಿದರೆ ನೀಲಿ ಚೆಲ್ಲುವ ನೀಲಕಂಠ, ನಮ್ಮ ರಾಜ್ಯಪಕ್ಷಿ, ಕಡಿಮೆಯಾಗುತ್ತಿದೆ. ಅದರ ಅಪಾಯದ ಮಟ್ಟವನ್ನು ಜಾಗತಿಕವಾಗಿ ಮತ್ತೆ ಪರಿಶೀಲಿಸಬೇಕು ಎಂದು ಆ ವರದಿ ಶಿಫಾರಸು ಮಾಡಿದೆ. ನೆನಪಿಡಿ, ಇದು ಒಬ್ಬ ದೊಡ್ಡ ವಿಜ್ಞಾನಿ ಒಬ್ಬನೇ ಕಂಡುಹಿಡಿದ ವಿಷಯವಲ್ಲ. ನಿಮ್ಮ ಹಾಗೆ ವಾರವೆಲ್ಲ ಬೇರೆ ಕೆಲಸ ಮಾಡಿ ಭಾನುವಾರ ಬೈನಾಕ್ಯುಲರ್ ಹಿಡಿದವರ ಲೆಕ್ಕ ಅದರಲ್ಲಿದೆ.

ಇಂಥ ಲೆಕ್ಕ ಏಕೆ ಬೇಕು ಎಂಬುದಕ್ಕೆ ಪೀಣ್ಯದವರಿಗೆ ಹತ್ತಿರದ ಉದಾಹರಣೆ ಹೆಸರಘಟ್ಟ. ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಒಳಗೆ ತಿರುಗಿ ಹೋದರೆ ಸಿಗುತ್ತದೆ. 1890ರ ದಶಕದಿಂದ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟ ಕೆರೆ ಅಲ್ಲಿಯದು. ಅದರ ಪಕ್ಕದ ಹುಲ್ಲುಗಾವಲನ್ನು ನೋಡಿ ‘ಬೀಳು ಜಮೀನು’ ಅಂದವರೇ ಬಹಳ. ಮರವಿಲ್ಲದ ಜಾಗಕ್ಕೆ ಬೆಲೆಯಿಲ್ಲ ಎಂಬ ಭಾವನೆ ಪರಿಸರ ಪ್ರೇಮಿಗಳಲ್ಲೂ ಇದೆ. ಅದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಚಳಿಗಾಲದಲ್ಲಿ ದೂರದೇಶದಿಂದ ಬಂದು ಹುಲ್ಲಿನ ಮೇಲೆ ತಗ್ಗಿ ತೇಲುವ ಹ್ಯಾರಿಯರ್ ಹಕ್ಕಿಗಳಿಗೆ, ನೆಲದಲ್ಲೇ ಗೂಡು ಮಾಡುವ ಬಾನಾಡಿಗಳಿಗೆ ಬೇಕಾದದ್ದು ಹುಲ್ಲೇ. ಅಲ್ಲಿ ಗಿಡ ನೆಟ್ಟರೆ ಅವುಗಳ ಮನೆ ಕಿತ್ತಂತೆ. ಈ ಹುಲ್ಲುಗಾವಲನ್ನು ಉಳಿಸುವ ಬಗ್ಗೆ ವರ್ಷಗಟ್ಟಲೆ ಎಳೆದಾಟ ನಡೆದು, 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಇಂಥ ವಾದದಲ್ಲಿ ಬರೀ ಪ್ರೀತಿ ಸಾಲದು, ಕೈಯಲ್ಲಿ ಪಟ್ಟಿ ಇರಬೇಕು.

ಆದ್ದರಿಂದ ನನ್ನ ಮಾತು ಇಷ್ಟು. ಕಬಿನಿ, ದಾಂಡೇಲಿಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮದು ಅನ್ನುವ ಒಂದು ಜಾಗ ಇಟ್ಟುಕೊಳ್ಳಿ. ಆಫೀಸಿನ ಹಿಂದಿನ ಕೆರೆಯಾಗಲಿ, ಕಾರ್ಖಾನೆ ಕಾಂಪೌಂಡಿನ ಹೊಂಗೆ ಸಾಲಾಗಲಿ. ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಚಳಿಗಾಲದಲ್ಲಿ ವಲಸೆ ಬಾತುಗಳು ಇಳಿದಾಗ ಹೋದವರು, ಬೇಸಿಗೆಯಲ್ಲಿ ನೀರು ಬತ್ತಿ ಟಿಟ್ಟಿಭ ಬರಿನೆಲದಲ್ಲಿ ಮೊಟ್ಟೆ ಇಟ್ಟಾಗಲೂ ಹೋಗಬೇಕು. ತಾರೀಖು, ವೇಳೆ, ಎಷ್ಟು ಹೊತ್ತು ನೋಡಿದಿರಿ, ಯಾವುದು ಎಷ್ಟು, ಏನು ಮಾಡುತ್ತಿತ್ತು, ಇಷ್ಟು ಬರೆಯಿರಿ. ಕಾಗೆ, ಹದ್ದು, ಪಾರಿವಾಳವನ್ನು ಬಿಡಬೇಡಿ. ಅಪರೂಪದ್ದನ್ನು ಮಾತ್ರ ಬರೆದ ಪಟ್ಟಿ ಅರೆಬರೆ ಪಟ್ಟಿ. ಗೊತ್ತಾಗದ ಹಕ್ಕಿಗೆ ಹೆಸರು ಅಂಟಿಸಬೇಡಿ. ಗೊತ್ತಾಗಲಿಲ್ಲ ಎಂದೇ ಬರೆದು, ಕೊಕ್ಕು, ಕಾಲು, ಬಾಲ ಹೇಗಿತ್ತು ಎಂದು ಗುರುತು ಹಾಕಿ, ಮುಂದಿನ ನಡಿಗೆಯಲ್ಲಿ ಹಿರಿಯರನ್ನು ಕೇಳಿ. ಉಪನ್ಯಾಸ ಮುಗಿದ ತಕ್ಷಣ ಎದ್ದುಹೋಗದೆ ಕಾಫಿಗೆ ನಿಂತವರಿಗೆ ಹೆಚ್ಚು ವಿದ್ಯೆ ದಕ್ಕುತ್ತದೆ. ಕೆರೆಯಲ್ಲಿ ಮೀನು ಹಿಡಿಯುವವರನ್ನು, ದನ ಮೇಯಿಸುವವರನ್ನು, ಕ್ಯಾಂಪಸ್ಸಿನ ತೋಟದ ಕೆಲಸದವರನ್ನು ಮಾತಾಡಿಸಿ. ಯಾವ ವರ್ಷ ಕೋಡಿ ಬಿತ್ತು, ಯಾವ ಹಕ್ಕಿ ಬರುವುದು ನಿಂತಿತು ಎಂದು ಅವರ ನೆನಪಿನಲ್ಲಿರುವುದು ಯಾವ ಆ್ಯಪ್‌ನಲ್ಲೂ ಇರುವುದಿಲ್ಲ.

ಇನ್ನೊಂದನ್ನು ಗಟ್ಟಿಯಾಗಿಯೇ ಹೇಳಬೇಕು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯಬೇಡಿ. ಎದುರಾಳಿ ಬಂದಿತೆಂದು ಅದು ಮರಿಗೆ ಉಣಿಸುವುದನ್ನು ಬಿಟ್ಟು ಬರುತ್ತದೆ. ಗೂಡಿನ ಫೋಟೋ ಬೇಡ, ಗೂಬೆಯ ಪೊಟರೆಯ ಲೊಕೇಶನ್ ಯಾವ ಗ್ರೂಪಿಗೂ ಹಾಕಬೇಡಿ.

ಶಿಫ್ಟ್ ಇದೆ, ಟ್ರಾಫಿಕ್ ಇದೆ, ನಿದ್ದೆ ಸಾಲದು ಅನ್ನುತ್ತೀರಿ. ಕಷ್ಟ ನನಗೂ ಗೊತ್ತು. ಆದರೆ ಈಗ ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ನೇರ ಲಾಲ್‌ಬಾಗ್. ವೈಟ್‌ಫೀಲ್ಡ್‌ನವರು ಮೆಜೆಸ್ಟಿಕ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಒಂದು ಸಲ ಬದಲಾಯಿಸಿದರೆ ಆಯಿತು. ತಿಂಗಳಿಗೆ ಒಂದು ಬೆಳಗ್ಗೆ ಅಲ್ಲಿ ಕಲಿಯಿರಿ, ಉಳಿದ ಬೆಳಗ್ಗೆಗಳಲ್ಲಿ ನಿಮ್ಮ ಕೆರೆ ನೋಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ, ಕ್ಯಾಂಪಸ್ಸುಗಳ ಎಣಿಕೆಯೂ ಅದರ ಜೊತೆಗೇ ಇರುತ್ತದೆ. ಈ ಸಲ ನಿಮ್ಮ ಕ್ಯಾಂಪಸ್ಸಿನ, ನಿಮ್ಮ ಕಾರ್ಖಾನೆಯ ಪಟ್ಟಿಯನ್ನು ನೀವೇ ಮುಂದೆ ನಿಂತು ಬರೆಯಿರಿ; ಜೊತೆಗೆ ಹೊಸಬರೊಬ್ಬರನ್ನು ಕರೆದುಕೊಂಡು ಹೋಗಿ.