ಹಳೆಯ ಕಾರು ಮತ್ತು ಹೊಗೆ ತಪಾಸಣೆ: ವರ್ತಕರು ಗಮನಿಸಬೇಕಾದ ಸಂಗತಿಗಳು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವರ್ತಕ ಬಂಧುಗಳಲ್ಲಿ ಅನೇಕರು ಸಂಸ್ಥೆಯ ಹೆಸರಿನಲ್ಲಿರುವ ಹಳೆಯ ಕಾರನ್ನೇ ಇಂದಿಗೂ ಬಳಸುತ್ತಿದ್ದಾರೆ. ಸವಕಳಿ ಕಳೆದು ಲೆಕ್ಕದಲ್ಲಿ ಅದರ ಬೆಲೆ ಅತ್ಯಲ್ಪಕ್ಕೆ ಇಳಿದಿದ್ದರೂ ಗಾಡಿ ಓಡುತ್ತಿರುತ್ತದೆ. ಆದರೆ ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿ ಮುಗಿದುದು ಗಮನಕ್ಕೆ ಬರುವುದು, ಬಹುಮಟ್ಟಿಗೆ, ಹೆದ್ದಾರಿಯಲ್ಲಿ ತಡೆದು ಕೇಳಿದಾಗಲೇ.

ಬಿ.ಎಸ್.-4 ಮತ್ತು ಬಿ.ಎಸ್.-6 ವಾಹನಗಳಿಗೆ ಈ ಪತ್ರವು ಒಂದು ವರ್ಷ ಊರ್ಜಿತವಾದರೆ, ಅದಕ್ಕೂ ಹಿಂದಿನವುಗಳಿಗೆ ಆರೇ ತಿಂಗಳು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯು ಕಲಂ 190(2)ರ ದಂಡವನ್ನು 10,000 ರೂ. ವರೆಗೆ ಏರಿಸಿತು.

ತಪಾಸಣೆಯಲ್ಲಿ ಅಳೆಯುವುದೇನು? ಬಿ.ಎಸ್.-2 ಮತ್ತು 3ರ ಪೆಟ್ರೋಲ್ ಕಾರಿನಲ್ಲಿ ಇಂಗಾಲದ ಮೊನಾಕ್ಸೈಡ್ ಶೇ. 0.5ನ್ನು, ಹೈಡ್ರೋಕಾರ್ಬನ್ 750 ಪಿ.ಪಿ.ಎಂ.ಅನ್ನು ಮೀರಕೂಡದು. ಬಿ.ಎಸ್.-4ಕ್ಕೆ ಹಿಂದಿನ ಡೀಸೆಲ್ ಗಾಡಿಯ ಹೊಗೆಯ ಸಾಂದ್ರತೆ 65 ಹಾರ್ಟ್ರಿಡ್ಜ್ ಮಾನದೊಳಗಿರಬೇಕು.

ನಮ್ಮ ಭಾಗದಲ್ಲಿ ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರದ ಮೆಣಸಿನಕಾಯಿ ವಹಿವಾಟಿನ ದಿನ ಮಾರುಕಟ್ಟೆಯ ಸುತ್ತ ನಿಲ್ಲಿಸಿದ ಗಾಡಿಯ ಮೇಲೆ ಕೂರುವ ಧೂಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಇಂಧನ ಅರೆಬರೆ ಉರಿಯುತ್ತದೆ. ಕಾರ್ಬ್ಯುರೇಟರ್ ಕಾರಿನಲ್ಲಿ ಮೊನಾಕ್ಸೈಡ್ ಏರುತ್ತದೆ, ಡೀಸೆಲ್ ಗಾಡಿ ಕಪ್ಪು ಹೊಗೆ ಉಗುಳುತ್ತದೆ. ಫಿಲ್ಟರ್ ಬದಲಿಸಿದ ಮೇಲೂ ಕಪ್ಪು ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಪರೀಕ್ಷಿಸಿಸಬೇಕು. ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಸ್ಪಾರ್ಕ್ ಪ್ಲಗ್‌ಗಳ ಮೇಲೆ ಸಂಶಯವಿರಲಿ. ನೀಲಿ ಹೊಗೆಯೆಂದರೆ ಎಂಜಿನ್ನಿನೊಳಗೆ ಆಯಿಲ್ ಉರಿಯುತ್ತಿದೆಯೆಂದೇ ಅರ್ಥ. ಅದು ಸಣ್ಣ ಖರ್ಚಿನಲ್ಲಿ ಮುಗಿಯದು.

ಮನೆಯಿಂದ ಹೊರಟು ನೇರ ತಪಾಸಣಾ ಕೇಂದ್ರಕ್ಕೆ ಹೋಗಬಾರದು. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ, ಬಿಸಿಯಾದ ಎಂಜಿನ್ನನ್ನೇ ಪರೀಕ್ಷೆಗೆ ಒಡ್ಡಬೇಕು. ಡೀಸೆಲ್ ಗಾಡಿಯಲ್ಲಿ ಆಕ್ಸಿಲರೇಟರನ್ನು ಪದೇ ಪದೇ ಪೂರ್ತಿ ಒತ್ತುವರಾದ್ದರಿಂದ ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಮೊದಲೇ ಬದಲಿಸಿರಬೇಕು. ಅನುತ್ತೀರ್ಣವಾದರೆ ಅಂಕಿಗಳ ಚೀಟಿಯನ್ನು ಕೇಳಿ ಪಡೆದು ಮೆಕ್ಯಾನಿಕ್‌ಗೆ ತೋರಿಸಿ.

ಪರೀಕ್ಷೆಯ ಹೊತ್ತಿಗೆ ಮಾತ್ರ ಸ್ಕ್ರೂ ತಿರುಗಿಸಿ ಪತ್ರ ಪಡೆಯುವ ಉಪಾಯ ಕೆಲವರಿಗೆ ತಿಳಿದಿದೆ. ಅದು ವ್ಯರ್ಥ. ಕೇಂದ್ರ ಮೋಟಾರು ವಾಹನ ನಿಯಮಗಳ 116ರಂತೆ, ಪತ್ರವಿದ್ದರೂ ಅನುಮಾನ ಬಂದಲ್ಲಿ ಅಧಿಕಾರಿಯು ಮತ್ತೆ ತಪಾಸಣೆಗೆ ಆದೇಶಿಸಬಹುದು.

ಇನ್ನು ಲೆಕ್ಕದ ವಿಷಯ. ಸಂಸ್ಥೆಯ ಕಾರಿನ ದುರಸ್ತಿ ವೆಚ್ಚ, ತಪಾಸಣಾ ಶುಲ್ಕಗಳು ವ್ಯಾಪಾರಕ್ಕೆ ಬಳಸಿದಷ್ಟರ ಮಟ್ಟಿಗೆ ಖರ್ಚಾಗಿ ಸಲ್ಲುತ್ತವೆ. ಆದರೆ ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಆದಾಯದಿಂದ ಕಳೆಯಲು ಬರುವುದಿಲ್ಲ. ಅದನ್ನು ‘ವಾಹನ ದುರಸ್ತಿ’ ಖಾತೆಯೊಳಗೆ ಸೇರಿಸಿ ತರುವವರಿದ್ದಾರೆ. ದಯವಿಟ್ಟು ಬೇರೆಯಾಗಿಯೇ ಬರೆದಿಡಿ.