ದನಿಗೆ ಗಾಳಿ ತಾಗಲಿ

ತಮ್ಮಾ, ಭಜನೆ ಪದ ರೆಕಾರ್ಡ್ ಮಾಡಬೇಕೆಂದು ಕೀಬೋರ್ಡ್ ತಂದಿದ್ದೀ. ನಿನ್ನ ಕೈ ಚಲೋ ಇದೆ. ನುಡಿಸುವಾಗ ಹಿತವಾಗಿದ್ದ ದನಿ ರೆಕಾರ್ಡಿನಲ್ಲಿ ಒಣಗಿದಂತಿದೆ, ಚುಚ್ಚುತ್ತದೆ ಅನ್ನುತ್ತೀಯಲ್ಲ, ಅದು ಯಂತ್ರದ ಬೆಲೆ ಕಡಿಮೆ ಎಂದಲ್ಲ. ಲೈನ್ ಔಟ್‌ನಿಂದ ಕೇಬಲ್ ಹಿಡಿದು ನೇರ ಕಂಪ್ಯೂಟರ್ ಸೇರಿದ ದನಿಗೆ ದಾರಿಯಲ್ಲಿ ಎಲ್ಲಿಯೂ ಗಾಳಿ ಸೋಕಿರುವುದಿಲ್ಲ. ಅದನ್ನು ಸೋಕಿಸುವುದೇ ನಿನ್ನ ಕೆಲಸ.

ಅದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಿಮ್ಮ ನರೇಗಲ್ಲಿನಿಂದ ಬಸ್ಸು ಹತ್ತಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಧಾರೆಯೆರೆದ ಜಾಗ ಅದು. ಅಲ್ಲಿ ಪಳಗಿದವರು ಪೇಟಿ (ಹಾರ್ಮೋನಿಯಂ) ನುಡಿಸುವಾಗ ಹತ್ತಿರ ಕೂತು ಕೇಳು. ತಿದಿ ಒತ್ತಿದಂತೆ ಸ್ವರ ಉಬ್ಬುತ್ತದೆ, ಸಡಿಲಿಸಿದಂತೆ ಇಳಿಯುತ್ತದೆ. ಸಾಲು ಮುಗಿದಾಗ ಹಾಡುವವರ ಜೊತೆ ಪೇಟಿಯೂ ಉಸಿರು ಬಿಡುತ್ತದೆ. ಜೋಡಿ ರೀಡಿನ ಪೇಟಿಯಲ್ಲಿ ಒಂದು ಕೀ ಒತ್ತಿದರೆ ಎರಡು ರೀಡು ನುಡಿಯುತ್ತವೆ. ಒಂದೇ ಸ್ಥಾಯಿಯ ಆ ಎರಡರ ಶ್ರುತಿಯಲ್ಲಿ ಕೂದಲೆಳೆಯಷ್ಟು ಅಂತರವಿದ್ದರೆ ಸ್ವರ ಮೆಲ್ಲಗೆ ಅಲೆಯುತ್ತದೆ. ದನಿ ತುಂಬಿ ಬರುವುದು ಈ ಉಸಿರಿನಿಂದ, ಈ ಅಲೆಯಿಂದ.

ಕೀಬೋರ್ಡಿನಲ್ಲೂ ಇದನ್ನು ತರಬಹುದು. ಒಂದೇ ಪದವನ್ನು ಎರಡು ಸಲ ನುಡಿಸಿ ಎರಡು ಟ್ರ್ಯಾಕ್ ಮಾಡು. ಎರಡನೆಯದನ್ನು ಮೂರು–ನಾಲ್ಕು ಸೆಂಟ್ ಮಾತ್ರ ಏರಿಸಿ, ದನಿ ತಗ್ಗಿಸಿ ಕೆಳಗಿಡು. ಒಂದು ಅರ್ಧಸ್ವರಕ್ಕೆ 100 ಸೆಂಟ್. ಹೆಚ್ಚು ಏರಿಸಿದರೆ ಅಪಶ್ರುತಿ. ತಿದಿಯ ಕೆಲಸಕ್ಕೆ ಎಕ್ಸ್‌ಪ್ರೆಶನ್ ಪೆಡಲ್ ಬಳಸು. ಇಲ್ಲದಿದ್ದರೆ ರೆಕಾರ್ಡ್ ಆದಮೇಲೆ ಸಾಲುಸಾಲಿಗೂ ವಾಲ್ಯೂಮ್ ಏರಿಳಿಸು. ಸ್ವರದಿಂದ ಸ್ವರಕ್ಕೆ ಜಾರಲು ಬಾರದು ಎಂಬುದೂ ಸೇರಿದ ಆಕ್ಷೇಪಗಳಿಂದ ಆಕಾಶವಾಣಿ 1940ರಿಂದ ಮೂರು ದಶಕ ಪೇಟಿಯನ್ನು ದೂರವಿಟ್ಟಿತ್ತು. ಬರೀ ಕೀ ಒತ್ತಿ ನುಡಿಸಿದರೆ ಕೀಬೋರ್ಡಿಗೂ ಅದೇ ಮಿತಿ. ಅದಕ್ಕೇ ಮುಂದಿನ ಕೀ ಒತ್ತುವ ತನಕ ಹಿಂದಿನದರಿಂದ ಬೆರಳು ಎತ್ತಬೇಡ. ಎಡಗೈಯಲ್ಲಿ, ಕೆಳಗಿನ ಸ್ಥಾಯಿಯಲ್ಲಿ, ಷಡ್ಜ–ಪಂಚಮ ಸಾಕು. ಅಲ್ಲಿ ಗಾಂಧಾರವನ್ನೂ ಸೇರಿಸಿದರೆ ದನಿ ಕದಡುತ್ತದೆ.

ರೆಕಾರ್ಡ್ ಮಾಡುವ ಮೊದಲು ಕೀಬೋರ್ಡಿನೊಳಗಿನ ರಿವರ್ಬ್ ಬಂದ್ ಮಾಡು. ಒಮ್ಮೆ ಸೇರಿದ ಗುಂಗು ಮತ್ತೆ ಬಿಡಿಸಲು ಬಾರದು. 24 ಬಿಟ್‌ನಲ್ಲಿ, ಅತಿ ಜೋರಿನ ಜಾಗದಲ್ಲೂ ಮೀಟರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ.

ಆಮೇಲೆ ಆ ಟ್ರ್ಯಾಕನ್ನು ಒಳ್ಳೆಯ ಸ್ಪೀಕರಿನಲ್ಲಿ ಹಾಕಿ, ಮೂರು ಅಡಿ ದೂರದಲ್ಲಿ ಮೈಕ್ ಇಟ್ಟು ಮತ್ತೊಮ್ಮೆ ಹಿಡಿ. ನಿಮ್ಮ ಹಳೆಯ ಮಾಳಿಗೆ ಮನೆಯ ಪಡಸಾಲೆ ಇದಕ್ಕೆ ಹೇಳಿ ಮಾಡಿಸಿದ್ದು. ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಜಂತಿ ಇರುವಲ್ಲಿ ದನಿ ಕಟುವಾಗಿ ಮರಳುವುದಿಲ್ಲ. ಆರ್‌ಸಿಸಿ ಕೋಣೆಯಾದರೆ ಎದುರುಬದುರು ಗೋಡೆಗೆ ಅವ್ವನ ಕೌದಿ ಇಳಿಬಿಡು. ಈ ದನಿಯನ್ನು ಮೂಲದ ಕೆಳಗೆ ಸ್ವಲ್ಪವೇ ಬೆರೆಸು. ಮೂರು ಅಡಿ ದಾಟಲು ದನಿಗೆ ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಮೈಕಿನ ಟ್ರ್ಯಾಕನ್ನು ಅಷ್ಟು ಮೊದಲಿಗೆ ಸರಿಸಿ ಮೂಲಕ್ಕೆ ಹೊಂದಿಸದಿದ್ದರೆ ದನಿ ಟೊಳ್ಳಾಗುತ್ತದೆ.

ಈಕ್ವಲೈಸರ್ ಕೊನೆಗೆ ಮುಟ್ಟು. ಚುಚ್ಚು ಉಳಿದಿದ್ದರೆ 2,000ದಿಂದ 4,000 ಹರ್ಟ್ಸ್ ನಡುವೆ ಎರಡು ಡೆಸಿಬೆಲ್ ಇಳಿಸು. ದಪ್ಪ ಬರಲೆಂದು 250ರ ಸುತ್ತ ಏರಿಸುತ್ತಾ ಹೋದರೆ ಹಾಡುವವರ ದನಿಯೇ ಮುಚ್ಚಿಹೋಗುತ್ತದೆ.

ಹಳೆಯದು ಹೊಸದು ತೂಗಿ ನೋಡುವಾಗ ಎರಡರ ವಾಲ್ಯೂಮ್ ಸಮ ಇರಲಿ. ಜೋರಾದದ್ದೇ ಚೆನ್ನ ಅನ್ನಿಸುವುದು ಕಿವಿಯ ಸ್ವಭಾವ. ಊರಿನವರು ಕೇಳುವುದು ಮೊಬೈಲಿನಲ್ಲಿ, ಅದರಲ್ಲೂ ಹಾಕಿ ಕೇಳು. ನಾಳೆ ಒಂದೇ ಪದ ತೆಗೆದುಕೊಂಡು, ಯಾವ ಎಫೆಕ್ಟೂ ಹಾಕದೆ, ಬರೀ ಕೈಯಿಂದ ಎಷ್ಟು ತುಂಬಿಸಬಹುದು ನೋಡು. ಅಲ್ಲಿಗೂ ಕೊರತೆ ಉಳಿದರೆ ಮಾತ್ರ ಯಂತ್ರದ ನೆರವು ಕೇಳು.